ಮಡಗಾಂವ್ ಕೋರ್ಟನ್ನು ಮೆಚ್ಚಿದ ಗುರುಶಾಂತಪ್ಪ

ಗುರುಶಾಂತಪ್ಪನವರ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಡುತ್ತಲೇ ಇರಲಿಲ್ಲ. ಗಿರಾಕಿ ಇಡ್ಲಿ ಪಾತ್ರೆ ಕೇಳಿದರೆ “ಮುಂದಿನ ವಾರ ಬರತೈತ್ರಿ” ಎನ್ನುವರು. ಅವರು ಎಂದೂ ಮಾರದ ಹೊಲಿಗೆ ಯಂತ್ರ ಕೇಳಿದರೂ ಅದೇ ಉತ್ತರ. ಒಮ್ಮೆ ನಾನೇ ತಮಾಷೆಗೆ, ಆನೆಗೆ ನೀರು ಕುಡಿಸುವ ಬಕೆಟ್ ಇದೆಯೇ ಎಂದೆ. ಅವರು ನಗದೆ, ಯಾವ ಅಳತೆಯದು ಬೇಕು ಎಂದು ಪೆನ್ಸಿಲ್ ತೆಗೆದರು. ಅಂಗಡಿಯ ಗಲ್ಲೆಯ ಮೇಲೆ ಕೂತವನು ಇಲ್ಲ ಎಂದರೆ ಲಕ್ಷ್ಮಿ ಅದನ್ನೇ ಖರೆ ಮಾಡುತ್ತಾಳೆ ಎಂದು ಅವರ ಅಪ್ಪ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದರಂತೆ.

ಗೋವಾದ ವಾಸ್ಕೋದಲ್ಲಿ ನನ್ನದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಕೂಲಿಯವರ ಕಿಸೆಗೂ ಮೊಬೈಲು ಬರತೊಡಗಿದ್ದ ದಿನಗಳಲ್ಲಿ, ಅವರು ಬೆಳಗಾವಿಯಿಂದ ಬಂದು ನನ್ನ ಪಕ್ಕದ ಮಳಿಗೆಯಲ್ಲಿ ಪಾತ್ರೆ ಅಂಗಡಿ ಹಾಕಿದರು. ಬಂದರಿನಲ್ಲಿ ದುಡಿಯುವವರೆಲ್ಲ ನಮ್ಮ ಕಡೆಯವರು, ಅವರ ಮಕ್ಕಳಿಗೆ ಮದುವೆ ಆಗಲೇಬೇಕು, ಮದುವೆಗೆ ಹಂಡೆ ಬೇಕೇ ಬೇಕು ಎಂಬ ಲೆಕ್ಕ. ಸಾಲ ಮಾಡಿ ತಾಮ್ರದ ಹಂಡೆ, ಹಿತ್ತಾಳೆ ಕೊಡ ತುಂಬಿಸಿದರು. ಮದುವೆಗಳೇನೋ ಆದವು, ಆದರೆ ಊರಿನಲ್ಲಿ ಆದವು. ವಾಸ್ಕೋದಲ್ಲಿ ಹಂಡೆ ಕೊಂಡು ವಿಜಾಪುರದವರೆಗೆ ಬಸ್ಸಿನ ಮೇಲೆ ಹೇರಿಕೊಂಡು ಹೋಗುವ ಪೆದ್ದ ಒಬ್ಬನೂ ಸಿಗಲಿಲ್ಲ. ಎರಡು ವರ್ಷದಲ್ಲಿ ಅಂಗಡಿ ಮುಳುಗಿತು.

ದಿವಾಳಿ ಅರ್ಜಿ ಹಾಕದೆ ಗತಿಯಿಲ್ಲ ಎಂದರು ಮಡಗಾಂವಿನ ವಕೀಲರು. ಎಲ್ಲಿ ವಾಸವೋ, ಎಲ್ಲಿ ವ್ಯಾಪಾರವೋ ಅಲ್ಲಿಯ ಕೋರ್ಟಿನಲ್ಲಿ ಹಾಕಬೇಕು. ಕಾಗದಪತ್ರಗಳೆಲ್ಲ ಬೆಳಗಾವಿಯವು, ಅಲ್ಲಿಯೇ ಸುಲಭ. ಗೋವಾದಲ್ಲಿ ಹಾಕಬೇಕೆಂದರೆ ಇಲ್ಲಿಯವನೇ ಎಂದು ತೋರಿಸಬೇಕು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಇಸ್ತ್ರಿ ಅಂಗಿ ತೊಟ್ಟು, ಹೆಣ್ಣು ನೋಡಲು ಹೊರಟವರ ಹಾಗೆ ಎರಡೂ ಕೋರ್ಟುಗಳನ್ನು ನೋಡಿ ಬಂದರು. ಬೆಳಗಾವಿಯಲ್ಲಿ ಚಹಾ ಚಲೋ, ಮಡಗಾಂವಿನಲ್ಲಿ ಬೆಂಚು ಚಲೋ ಎಂದು ನನಗೆ ವರದಿ ಒಪ್ಪಿಸಿದರು. ಎಲ್ಲಿ ಹಾಕುತ್ತೀರಿ ಎಂದು ಕೇಳಿದಾಗ ಮಾತ್ರ ದನಿ ಇಳಿಯಿತು.

“ಬೆಳಗಾವ್ಯಾಗ ಅಣ್ಣನ ಅಂಗಡಿ ಐತ್ರಿ ಅಕ್ಕಾರ. ಅದಕ್ಕೂ ಅಪ್ಪನ ಹೆಸರ, ನನ್ನ ಅಂಗಡಿಗೂ ಅಪ್ಪನ ಹೆಸರ. ಅಲ್ಲಿ ಕೋರ್ಟಿನ್ಯಾಗ ಆ ಹೆಸರ ಒದರಿದ್ರಂದ್ರ, ಮುಳುಗಿದಾವ ನಾನು, ಗಿರಾಕಿ ಕಳಕೊಳ್ಳಾವ ಅಣ್ಣ. ಅವಗ ಇದು ಗೊತ್ತಾಗಬಾರದು.”

ಹೀಗೆ ಮಡಗಾಂವ್ ಕೋರ್ಟೇ ನಿಶ್ಚಯವಾಯಿತು. ಅಂದಿನಿಂದ ಗುರುಶಾಂತಪ್ಪ ಗೋವಾದವರಾಗಲು ಟೊಂಕ ಕಟ್ಟಿದರು. ಮೊಟ್ಟೆಯನ್ನೂ ಮುಟ್ಟದ ಮನುಷ್ಯ ದಿನಾ ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋಗಿ, ಮೂಗಿಗೆ ಕರವಸ್ತ್ರ ಹಿಡಿದು, ಬಂಗಡೆಯ ದರ ಕೇಳಿ ಬರುತ್ತಿದ್ದರು. ನಾಳೆ ಸಾಕ್ಷಿ ಬೇಕಾದರೆ ನಾಲ್ಕು ಜನ ನೋಡಿರಬೇಕಲ್ಲ! ಸೈಕಲ್ಲಿನ ಮೇಲೆ ಪಾವ್ ಮಾರುವವನ ಹತ್ತಿರ ಎರಡು ಪಾವಿಗೆ ಹೆಸರು, ವಿಳಾಸ ಬರೆದ ರಸೀದಿ ಕೇಳಿದರು. ಅವನು ಮರುದಿನದಿಂದ ನಮ್ಮ ಓಣಿಗೆ ಬರುವುದನ್ನೇ ಬಿಟ್ಟ. ಅವರು ಹೊತ್ತು ತಂದ ಕಾಗದದ ರಾಶಿಯಲ್ಲಿ ವಕೀಲರು ಬಾಡಿಗೆ ಕರಾರು, ಅಂಗಡಿ ಲೈಸೆನ್ಸು ಎರಡನ್ನೇ ಇಟ್ಟುಕೊಂಡು ಉಳಿದದ್ದನ್ನು ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಳ್ಳಿದರು. ಅರ್ಜಿ ಟೈಪು ಮಾಡಿದವಳು ನಾನೇ. ನಗು ತಡೆಯಲಾರದೆ ಎರಡು ಹಾಳೆ ಕೆಡಿಸಿದೆ.

ಮೊದಲ ತಾರೀಖಿಗೆ ನಾನೂ ಜೊತೆಗೆ ಹೋದೆ. ವಾಸದ ಪ್ರಶ್ನೆ ಸಲೀಸಾಗಿ ಮುಗಿಯಿತು. ಆಮೇಲೆ ನ್ಯಾಯಾಧೀಶರು, ಸಾಲ ತೀರಿಸಲು ನಿಮ್ಮ ಹತ್ತಿರ ಏನಾದರೂ ಇದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಗುರುಶಾಂತಪ್ಪ ಎದೆ ಸೆಟೆಸಿ, ಗಲ್ಲೆಯ ಮೇಲೆ ಕೂತಂತೆಯೇ, “ಅಗ್ಲೆ ಹಫ್ತೆ ಆ ಜಾಯೇಗಾ, ಸಾಹೇಬ್” ಎಂದುಬಿಟ್ಟರು. ಮುಂದಿನ ವಾರ ಬರುವುದಾದರೆ ಈ ಅರ್ಜಿ ಯಾಕೆ ಎಂದರು ನ್ಯಾಯಾಧೀಶರು. ವಕೀಲರು ಹಣೆ ಚಚ್ಚಿಕೊಂಡು ಇನ್ನೊಂದು ತಾರೀಖು ಬೇಡಿದರು.

ಮುಂದಿನ ಹದಿನೈದು ದಿನ ನನ್ನ ಅಂಗಡಿಯೇ ಕೋರ್ಟಾಯಿತು. ನಾನು ನ್ಯಾಯಾಧೀಶೆ. ಏನಾದರೂ ಇದೆಯೇ ಎಂದು ಗದರಿಸುವೆ, ಅವರು ಬೆವರು ಒರೆಸಿಕೊಂಡು “ಇ... ಇ...” ಎಂದು ಎಳೆದು, ಕೊನೆಗೆ “ತರಸೋಣ್ರಿ” ಎನ್ನುವರು. ಝೆರಾಕ್ಸಿಗೆ ಬಂದವರು ಕೆಲಸ ಮರೆತು ನೋಡುತ್ತ ನಿಲ್ಲುತ್ತಿದ್ದರು. ನಾನಂತೂ ಅಷ್ಟು ನಕ್ಕ ದಿನಗಳು ಬಾಳಿನಲ್ಲಿ ಮತ್ತೆ ಬರಲಿಲ್ಲ.

ಎರಡನೆಯ ತಾರೀಖು. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗಿದ, ಅಪ್ಪನ ಹೆಸರನ್ನೂ ಸೇರಿಸಿಯೇ ಕೂಗಿದ. ಗುರುಶಾಂತಪ್ಪ ಎದ್ದು ನಿಂತವರು ಹಿಂದಿನ ಬೆಂಚು ನೋಡಿ ಬಿಳಿಚಿಕೊಂಡರು. ಅಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಅಣ್ಣ. ಕೋರ್ಟು ಆರಿಸುವ ಭರದಲ್ಲಿ ನಾವು ಒಂದನ್ನು ಯೋಚಿಸಿಯೇ ಇರಲಿಲ್ಲ. ಅರ್ಜಿ ಎಲ್ಲಿ ಹಾಕಿದರೂ ಸಾಲ ಕೊಟ್ಟವರಿಗೆಲ್ಲ ನೋಟೀಸು ಹೋಗುತ್ತದೆ. ಸಾಲ ಕೊಟ್ಟವರಲ್ಲಿ ಮುಕ್ಕಾಲು ಜನ ಬೆಳಗಾವಿಯಲ್ಲಿ ಅಣ್ಣನ ಅಂಗಡಿಯಿದ್ದ ಪೇಟೆಯವರೇ.

ನ್ಯಾಯಾಧೀಶರು ಅದೇ ಪ್ರಶ್ನೆ ಕೇಳಿದರು. ಗುರುಶಾಂತಪ್ಪ ತಲೆ ತಗ್ಗಿಸಿದರು. “ನಹೀ ಹೈ ಸಾಹೇಬ್. ಕುಛ್ ಭೀ ನಹೀ ಹೈ.” ಮೆಲ್ಲಗೆ ಹೇಳಿದರೂ ಹಿಂದಿನ ಬೆಂಚಿನವರೆಗೆ ಕೇಳಿಸಿತು. ಎರಡು ವಾರ ನಕ್ಕ ನನಗೆ ಆಗ ಅಳು ಒತ್ತಿ ಬಂತು.

ಅರ್ಜಿ ಮಂಜೂರಾಯಿತು. ಅಣ್ಣ ಆ ದಿನವೇ ಅವರನ್ನು ಬೆಳಗಾವಿಗೆ ಕರೆದುಕೊಂಡು ಹೋದರು. ಗುರುಶಾಂತಪ್ಪ ಮತ್ತೆ ವಾಸ್ಕೋಗೆ ಬರಲಿಲ್ಲ, ನಾನು ಅವರನ್ನು ಕೊನೆಯದಾಗಿ ನೋಡಿದ್ದು ಆ ಕೋರ್ಟಿನ ಮೆಟ್ಟಿಲ ಮೇಲೆಯೇ. ತಪ್ಪಾತು ಅಣ್ಣಾ, ನಿನ್ನ ಹೆಸರ ಉಳಿಸಾಕ ಇಲ್ಲಿ ಹಾಕಿದ್ನಿ ಎಂದು ತೊದಲುತ್ತಿದ್ದರು. ಅಣ್ಣ ಚೀಲದಿಂದ ಬುತ್ತಿ ತೆಗೆದು, ಒಂದು ರೊಟ್ಟಿ ಅವರ ಕೈಗಿಟ್ಟು, ಇನ್ನೊಂದನ್ನು ಗುರುತಿಲ್ಲದ ನನಗೂ ಕೊಟ್ಟು, ಮೆಟ್ಟಿಲ ಮೇಲೆ ಕೂತರು.

“ಹುಚ್ಚ ಅದಿ ನೋಡು ಗುರ್ಯಾ. ಬೆಳಗಾವ್ಯಾಗ ಹಾಕಿದ್ದರ ಪೈಲಾ ತಾರೀಖಿಗೂ ನಿನ್ನ ಬಾಜೂಕ ನಿಂದರತಿದ್ನೆಲ್ಲೊ.”