ಬಿಲ್ಲಿನ ಬೆನ್ನಿಗೆ ಹಚ್ಚಿದ ಅಂಟು

ಇಂದು ಓಣಿಯಲ್ಲಿ ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಕುದಿಸುತ್ತಿದ್ದರು. ಆ ವಾಸನೆಗೆ ಪುಣೆಯಲ್ಲಿದ್ದ ನಮ್ಮ ಹಳೆಯ ದೊಡ್ಡ ಮನೆ, ಆ ವಾಡೆ, ನೆನಪಾಯಿತು.

ಅಪ್ಪ ಅಣ್ಣನಿಗೆಂದು ಮರದ ಬಿಲ್ಲು ಕೆತ್ತಿದ್ದರು. ಅದು ಮುರಿಯದಂತೆ ಬೆನ್ನಿಗೆ ತೆಳು ಮರದ ಪಟ್ಟಿ ಅಂಟಿಸಬೇಕಿತ್ತು. ಬಡಿಗರು ಬಳಸುವ, ದನದ ಚರ್ಮ ಕುದಿಸಿ ಮಾಡಿದ ತೊಗಲಿನ ಅಂಟನ್ನು ಅಜ್ಜಿ ಒಳಗೆ ತರಗೊಡಲಿಲ್ಲ.

“ನವಮಿಗೆ ದೇವರ ಮುಂದ ಇಡೂ ಬಿಲ್ಲಿಗೆ ತೊಗಲಿನ ಅಂಟೇನೋ? ಹುಣಸಿಬೀಜ ಅರದು ಹಚ್ಚು.”

“ಪಟ್ಟಿ ಬಿಟ್ಟರ ಹುಡುಗನ ಕಣ್ಣಿಗೆ ಬಡೀತದವ್ವಾ,” ಎಂದರು ಅಪ್ಪ. ಆದರೂ ಹುಣಸೆ ಬೀಜದ ಅಂಟನ್ನೇ ಹಚ್ಚಿದರು.

ನವಮಿಯ ಆಯುಧಪೂಜೆ ಮುಗಿಯಿತು. ಅಣ್ಣ ಬಿಲ್ಲು ಎಳೆದ. ಪಟ್ಟಿ ಕಿರ್ರೆಂದಿತು.

ಅಷ್ಟರಲ್ಲಿ ಅಜ್ಜಿ ಓಡಿಬಂದು ಎರಡೂ ಅಂಗೈಗಳಿಂದ ಅವನ ಕಣ್ಣು ಮುಚ್ಚಿದಳು. “ಮೆಲ್ಲಕ ಇಳಸಪ್ಪಾ,” ಎಂದು, ಅಪ್ಪನತ್ತ ತಿರುಗದೆಯೇ ಹೇಳಿದಳು: “ಹೋಗು, ಆ ತೊಗಲಿನ ಅಂಟೇ ತೊಗೊಂಬಾ.”