ಮುಖ ಮಾತ್ರ ಬರೆದವಳು

ಎರಡನೇ ವರ್ಷದ ಚಿತ್ರಕಲೆ ತರಗತಿಗೆ ಬಟ್ಟೆಯಿಲ್ಲದ ಮಾದರಿ ಬಂದು ಕೂರುತ್ತಾರೆ ಎಂದು ಗೊತ್ತಾದ ದಿನ ಹುಡುಗಿ ನೇರವಾಗಿ ಪಾದ್ರಿಗಳ ಹತ್ತಿರ ಹೋದಳು. ಅವಳ ಅಪ್ಪ ಅದೇ ಚರ್ಚಿನಲ್ಲಿ ಗಂಟೆ ಬಾರಿಸಿ, ಬೆಂಚು ಒರೆಸುವವನು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಹಾಗಾಗಿ ಇಂಥದ್ದನ್ನು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಪಾದ್ರಿಗಳು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನಿನ್ನ ಮನಸ್ಸಾಕ್ಷಿ ಎಷ್ಟಕ್ಕೆ ಒಪ್ಪುತ್ತೋ ಅಷ್ಟು ಬರಿ, ಮಗಳೇ. ಮಿಕ್ಕಿದ್ದನ್ನ ಬಿಡು."

ಅವಳು ಆ ಮಾತನ್ನು ಗಂಟು ಹಾಕಿಕೊಂಡು ಬಂದಳು.

ಮೊದಲ ದಿನ ಪರದೆ ಸರಿಸಿ ಹೊರಗೆ ಬಂದ ಹೆಂಗಸನ್ನು ಕಂಡು ಅವಳ ಕೈಯ ಇದ್ದಿಲು ಕಡ್ಡಿ ಪಟಕ್ಕನೆ ಮುರಿಯಿತು. ದನಿಯಕ್ಕ! ಚರ್ಚಿನಲ್ಲಿ ಭಾನುವಾರದ ಹಾಡುಗಾರರ ಎರಡನೇ ಸಾಲಿನಲ್ಲಿ ಇವಳ ಪಕ್ಕವೇ ನಿಲ್ಲುವವಳು. ಅವಳ ದೊಡ್ಡ ದನಿಯಿಂದಾಗಿಯೇ ಆ ಹೆಸರು. ಕಾಲೇಜಿನಲ್ಲಿ ಕಸ ಗುಡಿಸುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದಳು. ಈಗ ಹಲಗೆಯ ಕಟ್ಟೆಯ ಮೇಲೆ, ಬೆನ್ನು ಮುರಿದ ಕುರ್ಚಿಯಲ್ಲಿ, ಒಂದು ಮೊಣಕಾಲ ಮೇಲೆ ಕೈಯಿಟ್ಟು ಕಲ್ಲಿನ ಹಾಗೆ ಕೂತಳು.

ತರಗತಿ ಮುಗಿದ ಮೇಲೆ ನಲ್ಲಿಯ ಹತ್ತಿರ ಇಬ್ಬರೂ ಸಿಕ್ಕರು.

"ನೀನು ನನ್ನ ನೋಡಿಲ್ಲ, ನಾನು ನಿನ್ನ ನೋಡಿಲ್ಲ. ಆಯ್ತಾ?"

"ಆಯ್ತಕ್ಕ. ನನ್ನ ಬಾಯಿಂದ ಹೊರಗೆ ಬೀಳಲ್ಲ."

"ಬೀಳಲ್ಲ ಬಿಡು. ಪ್ರಾರ್ಥನೆಗೇ ನಿನ್ನ ಬಾಯಿ ಸರಿಯಾಗಿ ತೆರೆಯಲ್ಲ," ಎಂದು ದನಿಯಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನನಗೆ ಇರೋದು ಆ ಭಾನುವಾರ ಒಂದೇ ಕಣೆ," ಎಂದಳು.

ಹುಡುಗಿ ಮಾತು ಉಳಿಸಿಕೊಂಡಳು. ಮನಸ್ಸಾಕ್ಷಿಯನ್ನೂ ಉಳಿಸಿಕೊಂಡಳು. ಉಳಿದವರೆಲ್ಲ ಮೈಯ ಅಳತೆ, ಭುಜದ ತೂಕ, ಸೊಂಟದ ತಿರುವು ಎಂದು ಒದ್ದಾಡುತ್ತ, ತಲೆಯ ಜಾಗದಲ್ಲಿ ಒಂದು ಮೊಟ್ಟೆ ಬರೆದು ಬಿಡುತ್ತಿದ್ದರು. ಇವಳು ಕತ್ತಿನಿಂದ ಕೆಳಗೆ ಕಣ್ಣು ಇಳಿಸಲೇ ಇಲ್ಲ. ತಿಂಗಳುಗಟ್ಟಲೆ ಬರೀ ಮುಖವನ್ನೇ ಬರೆದಳು: ಎಡ ಹುಬ್ಬಿನ ಗಾಯದ ಗೆರೆ, ತುಟಿಯ ಅಂಚಿನ ದಣಿವು, ಹಾಡಿ ಹಾಡಿ ಉಬ್ಬಿದ ಗಂಟಲ ನರ.

"ಪರೀಕ್ಷೆ ಇರೋದು ಮೈಗೆ. ನೀನು ಮುಖ ಹಿಡ್ಕೊಂಡು ಕೂತಿದ್ದೀಯ," ಎಂದು ಮೇಷ್ಟ್ರು ವರ್ಷವಿಡೀ ಗೊಣಗಿದರು. ಕೊನೆಗೆ ಅವಳ ಕಟ್ಟಿನಿಂದ ಒಂದು ಹಾಳೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. "ಇದನ್ನ ಪ್ರದರ್ಶನಕ್ಕೆ ಹಾಕ್ತೀನಿ. ನೀನು ಪಾಸಾಗೋಕೆ ಇದೊಂದೇ ದಾರಿ."

ಬರೀ ಮುಖ ತಾನೇ, ಮುಖ ಯಾರದ್ದಾದರೇನು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. "ಆಯ್ತು ಸರ್," ಎಂದಳು.

ಅಪ್ಪನಿಗೆ ಹೇಳಿದ್ದು ಇಷ್ಟೇ: ನನ್ನ ಚಿತ್ರ ಗೋಡೆಗೆ ಹಾಕ್ತಾರೆ. ಅವನು ಹಿಗ್ಗಿ ಹೀರೇಕಾಯಿಯಾದ. ಭಾನುವಾರ ಆರಾಧನೆ ಮುಗಿದಿದ್ದೇ ತಡ, ಬಾಗಿಲಲ್ಲಿ ನಿಂತು ಕಂಡಕಂಡವರನ್ನೆಲ್ಲ ಕರೆದ. ಶನಿವಾರ ಹದಿನಾಲ್ಕು ಜನರನ್ನು ಹಿಂದೆ ಕಟ್ಟಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಬಂದ.

ಗೋಡೆಯ ಮೇಲೆ ಉದ್ದಕ್ಕೂ ಇಪ್ಪತ್ತು ಬೆತ್ತಲೆ ಮೈಗಳು. ಅದೇ ಮುರಿದ ಕುರ್ಚಿ, ಅದೇ ಮೊಣಕಾಲು, ಅದೇ ಕೈ. ಒಂದಕ್ಕೂ ಮುಖವಿಲ್ಲ. ನಟ್ಟನಡುವೆ ಇವಳು ಬರೆದ ಮುಖ. ಮೇಲೆ ಒಂದು ಚೀಟಿ: "ಒಂದೇ ಮಾದರಿ, ಇಪ್ಪತ್ತೊಂದು ಅಭ್ಯಾಸ."

ಹಾಡುಗಾರರ ಮೇಷ್ಟ್ರ ಹೆಂಡತಿ ಮುಖವನ್ನು ನೋಡಿದಳು, ಪಕ್ಕದ ಮೈ ನೋಡಿದಳು, ಮತ್ತೆ ಮುಖ ನೋಡಿದಳು. "ಅಯ್ಯೋ, ಇವಳು ನಮ್ಮ..." ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಪ್ಪ ಮಗಳ ಕಡೆ ತಿರುಗಿದ. "ಇದಾ ನೀನು ಕಲಿತಿರೋದು?" ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಬುಧವಾರ ಅವಳು ದನಿಯಕ್ಕನ ಒಂಟಿ ಕೋಣೆಯ ಬಾಗಿಲು ತಟ್ಟಿದಳು. ದನಿಯಕ್ಕ ಬೈಯಲಿಲ್ಲ. ಅತ್ತು ಕಣ್ಣು ಊದಿತ್ತು.

"ಹಿಂದಿನ ಬೆಂಚಿಗೆ ಹೋಗು ಅಂದಿದ್ದಾರೆ. ಇನ್ನು ಹಾಡೋ ಹಾಗಿಲ್ಲವಂತೆ."

"ನಾನು ಬೇಕು ಅಂತ ಮಾಡಲಿಲ್ಲ ಅಕ್ಕ. ಮೈ ಬರೆಯೋಕೆ ನಾಚಿಕೆಯಾಗಿ..."

"ಎಲ್ಲರ ಹಾಗೆ ಮೈ ಬರೆದು ಬಿಟ್ಟಿದ್ರೆ ನನ್ನ ಯಾರು ಗುರುತು ಹಿಡೀತಿದ್ರು, ಹೇಳು?"

ಹುಡುಗಿ ಹೊಸ್ತಿಲ ಮೇಲೆ ಕೂತಳು.

"ಹೋಗಲಿ. ಭಾನುವಾರ ಆರಾಧನೆ ನಡುವೆ ಎಲ್ಲರೆದುರು ಸಾಕ್ಷಿ ಹೇಳೋ ಹೊತ್ತಲ್ಲಿ ನೀನು ಎದ್ದು ನಿಲ್ತೀಯಾ? ನಾನೂ ಆ ಕೋಣೆಯಲ್ಲಿ ಇದ್ದೆ, ಅಲ್ಲಿ ನಡೆಯೋದು ಬರೀ ಪಾಠ, ಅಕ್ಕ ಯಾವ ಪಾಪಾನೂ ಮಾಡಿಲ್ಲ ಅಂತ ಹೇಳ್ತೀಯಾ? ನೀನು ಹೇಳಿದ್ರೆ ನಂಬ್ತಾರೆ. ನೀನು ಒಳ್ಳೆ ಹುಡುಗಿ ಅಲ್ವಾ."

"ಹೇಳ್ತೀನಿ ಅಕ್ಕ. ದೇವರಾಣೆಗೂ ಹೇಳ್ತೀನಿ."

ಮೂರು ದಿನ ಅವಳು ಆ ನಾಲ್ಕು ಮಾತುಗಳನ್ನು ಬಸ್ಸಿನಲ್ಲಿ, ಬಚ್ಚಲಲ್ಲಿ ಬಾಯಿಪಾಠ ಮಾಡಿದಳು. ಅಪ್ಪ ಮನೆಯಲ್ಲಿ ಅವಳೊಂದಿಗೆ ಮಾತು ಬಿಟ್ಟಿದ್ದ. ತಟ್ಟೆಯನ್ನು ಮುಂದೆ ತಳ್ಳುತ್ತಿದ್ದ, ಅಷ್ಟೇ.

ಭಾನುವಾರ ಪಾದ್ರಿಗಳು ಕೇಳಿದರು: "ಸಾಕ್ಷಿ ಹೇಳೋರು ಯಾರಾದ್ರೂ ಇದ್ದೀರಾ?"

ಹಿಂದಿನ ಬೆಂಚಿನಿಂದ ದನಿಯಕ್ಕ, ಹಾಡುಗಾರರ ಸಾಲಿನಲ್ಲಿ ಕೂತಿದ್ದ ಇವಳನ್ನೇ ನೋಡುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಅಪ್ಪ ತಲೆ ಎತ್ತಿರಲಿಲ್ಲ. ಅವನ ಬೋಳು ನೆತ್ತಿ, ಇಸ್ತ್ರಿಯಿಲ್ಲದ ಕಾಲರು ಇವಳಿಗೆ ಕಾಣುತ್ತಿದ್ದವು. ಅವಳು ಹಾಡಿನ ಪುಸ್ತಕ ತೆರೆದು ಪುಟ ಹುಡುಕತೊಡಗಿದಳು. ಪಾದ್ರಿಗಳು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಬೇಕಾದಷ್ಟು ಹೊತ್ತು ಕಾದರು.

"ಸರಿ. ಹಾಡೋಣ."

ಹಾಡುಗಾರರೆಲ್ಲ ಎದ್ದರು. ಅವರ ಮೇಷ್ಟ್ರು ಇವಳತ್ತ ಬಾಗಿ ಪಿಸುಗುಟ್ಟಿದರು: "ಸ್ವಲ್ಪ ಈಚೆಗೆ ಬಾ ತಾಯಿ. ನಡುವೆ ಜಾಗ ಖಾಲಿ ಕಾಣ್ತಿದೆ."

ಅವಳು ಒಂದು ಹೆಜ್ಜೆ ಸರಿದು ನಿಂತಳು.