ಕುರಿ ಬರುವವರೆಗೂ ಕಾದ ಸಭೆ

ಹಟ್ಟಿಗೆ ಹಿರಿಯರಾಗಿದ್ದ ಆ ಅಜ್ಜಿಯ ಎಡಗಾಲಿನ ಬ್ಯಾಂಡೇಜಿನ ಮೇಲೆ ಯಾವಾಗಲೂ ಒಂದು ಪ್ಲಾಸ್ಟಿಕ್ ಚೀಲ ಇರುತ್ತಿತ್ತು. ಧೂಳು ಹೋಗಬಾರದೆಂದು ಅದರ ಬಾಯಿಗೆ ಉಣ್ಣೆಯ ದಾರ ಬಿಗಿದಿರುತ್ತಿದ್ದರು. ಸಕ್ಕರೆ ಕಾಯಿಲೆಯ ಗಾಯ. ಅದಕ್ಕೆ ಪಟ್ಟಿ ಕಟ್ಟಲು ಮಾಡದಕೆರೆ ಕಡೆಯ ಅವರ ಕುರುಬರ ಹಟ್ಟಿಗೆ ಪ್ರತಿ ಗುರುವಾರ ಆಸ್ಪತ್ರೆ ವ್ಯಾನು ಬರುತ್ತಿತ್ತು.

ಆ ವ್ಯಾನಿನ ಅನುದಾನ ನಿಲ್ಲಿಸಲು ಊರವರ ಒಪ್ಪಿಗೆ ತರಲು ಹೋದವನು ನಾನು. ಹೊಸ ಸರ್ಕಾರಿ ನೌಕರಿ, ಇಲ್ಲದ ಗತ್ತು. ನಡುಮಧ್ಯಾಹ್ನ ಸಭೆ ಕರೆದು, ಮೊದಲೇ ತೀರ್ಮಾನ ಬರೆದು ತಂದಿದ್ದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸತೊಡಗಿದೆ. ಹಾಜರಿ ಎಂದುಕೊಂಡು ಜನ ಒತ್ತಿದರು. ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ. ಅಜ್ಜಿ ಮಾತ್ರ ಕೈ ಹಿಂದಕ್ಕೆಳೆದುಕೊಂಡರು.

“ಏನಪ್ಪ, ಏನ್ ಬರ್ದೈತೆ ಮೊದ್ಲು ಓದು.”

ಓದಿದೆ. ಮುಂದಿನ ವರ್ಷ ವ್ಯಾನು ಇಲ್ಲವೇ ಊರಲ್ಲೇ ಇದ್ದು ಹೆರಿಗೆ ಮಾತ್ರ ನೋಡುವ ನರ್ಸು, ಎರಡರಲ್ಲಿ ಒಂದಕ್ಕೇ ದುಡ್ಡು ಎಂಬುದೂ ಆಗಲೇ ಹೊರಬಿತ್ತು. ನನಗೆ ತಲೆ ಎತ್ತಲಾಗಲಿಲ್ಲ. ಅಜ್ಜಿ ಬೈಯಲಿಲ್ಲ.

“ಕುರಿ ಮೇಸಾಕೆ ಹೋದೋರು ಬಾರ್ದೆ ನಮ್ಮ ಹಟ್ಟೀಲಿ ಯಾವ ಮಾತೂ ಮುಗ್ಯಾಕಿಲ್ಲ. ಸಂಜೆಗಂಟ ಕುಂತ್ಕ. ಮುದ್ದೆ ಐತೆ, ಉಣ್ಣು.”

ಹೊತ್ತು ಮುಳುಗುವಾಗ ಮಂದೆಗಳು ಬಂದವು. ಕುರಿಗಳನ್ನು ರೊಪ್ಪಕ್ಕೆ ಕೂಡಿ ಎಲ್ಲರೂ ಸೇರಿದರು. ಅಜ್ಜಿ ಒಬ್ಬೊಬ್ಬರನ್ನೂ ಕೇಳಿದರು. ಹಿಂದೆ ತಲೆ ತಗ್ಗಿಸಿ ನಿಂತಿದ್ದ ಇಬ್ಬರು ಬಸುರಿಯರನ್ನೂ ಬಿಡಲಿಲ್ಲ. “ನಿನ್ ಬಾಯಾಗೆ ಹೇಳವ್ವ.” ಕೊನೆಗೆ ಹೆಚ್ಚು ಕೈಗಳು ನರ್ಸಿನ ಪರವಾಗಿ ಎದ್ದವು. ಅದರಲ್ಲಿ ಅಜ್ಜಿಯದೂ ಒಂದು. ನಾನು ಬರೆದು ತಂದಿದ್ದೂ ಅದೇ ತೀರ್ಮಾನ. ಆದರೂ ಆ ಹಾಳೆಗೆ ಗೀಟು ಹೊಡೆಸಿ, ಹೊಸದಾಗಿ ಬರೆಸಿ, ಓದಿಸಿಕೊಂಡೇ ಹೆಬ್ಬೆಟ್ಟು ಒತ್ತಿದರು.

ವ್ಯಾನು ನಿಂತಿತು. ಅಜ್ಜಿ ಪಟ್ಟಿ ಕಟ್ಟಿಸಲು ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗತೊಡಗಿದರು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿಬಿಟ್ಟೆ: “ನೀವು ವ್ಯಾನಿಗೇ ಕೈ ಎತ್ತಬಹುದಿತ್ತಲ್ಲ ಅಜ್ಜಿ?”

“ನಾನು ಹೆಂಗೋ ಬಸ್ ಹತ್ತೀನಿ. ಹೆರಿಗೆ ನೋವು ಬಸ್ ಬರೋಗಂಟ ಕಾಯ್ತೈತೇನಪ್ಪ?” ಎಂದು ನಕ್ಕರು.

ಹೋದ ವರ್ಷ ಅವರು ತೀರಿಕೊಂಡರು. ಕೊನೆಯ ಎರಡು ತಿಂಗಳು ಬಸ್ಸು ಹತ್ತಲೂ ಆಗದೆ, ಗಾಯಕ್ಕೆ ಪಟ್ಟಿಯೇ ಬಿದ್ದಿರಲಿಲ್ಲವಂತೆ. ಜನರನ್ನು ಹೇಗೆ ಕೇಳಬೇಕೆಂದು ನನಗೆ ಕಲಿಸಿದವರು ಅವರು. ಇವತ್ತಿಗೂ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ನಾನು ಮುಟ್ಟುವುದಿಲ್ಲ. ಆ ಸಂಜೆಯ ತೀರ್ಮಾನಕ್ಕೆ ಬೆಲೆ ತೆತ್ತವರು ಮಾತ್ರ ಅಜ್ಜಿ.